ಎಡಗಾಲಿನ ಪಂದ್ಯ

ಅಬಿಡ್ಸಿನಿಂದ ಗಚ್ಚಿಬೌಲಿಯ ಕ್ರೀಡಾಂಗಣ ಹತ್ತಿರವೇನಲ್ಲ. ಆದರೂ ಹೈದರಾಬಾದ್ ಎಫ್‌ಸಿ ತಂಡದ ಕಾಲ್ಚೆಂಡಿನಾಟ ನೋಡಲು ಹೋಗುತ್ತಿದ್ದೆ. 2022ರಲ್ಲಿ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿ ಗೆದ್ದ ತಂಡವದು. 2023–24ರಲ್ಲಿ 22 ಪಂದ್ಯಗಳಲ್ಲಿ ಒಂದನ್ನೇ ಗೆದ್ದು ಕಟ್ಟಕಡೆಯ ಸ್ಥಾನಕ್ಕಿಳಿಯಿತು. ಹಣದ ಮುಗ್ಗಟ್ಟಿನಿಂದ ಹೆಸರಾಂತ ಆಟಗಾರರು ಹೊರಟುಹೋಗಿದ್ದರು. ಉಳಿದ ಎಳೆಯರು ಸೋಲುತ್ತಲೇ ಆಡಿದರು. ಅವರನ್ನು ಹೀಯಾಳಿಸಿದವರಲ್ಲಿ ನಿಮ್ಮ ಉಪಾಧ್ಯಾಯನೂ ಒಬ್ಬನೆಂದು ಬರೆಯಲು ನಾಚಿಕೆಯಾಗುತ್ತದೆ.

ವಿದೇಶೀ ಆಟಗಾರರನ್ನು ತಂದರೆ ತಂಡ ಸುಧಾರಿಸೀತೆಂದು ಗೆಳೆಯರ ವಾದ. ಮೊದಲು ಇದ್ದವರಿಗೆ ಸಂಬಳ ಸಕಾಲಕ್ಕೆ ಸಲ್ಲಲಿ ಎಂದು ನನ್ನ ವಾದ. ಆಮೇಲೆ ಸೈಯದ್ ಅಬ್ದುಲ್ ರಹೀಮರ ದಾರಿ. ಇದೇ ನಗರದಲ್ಲಿ ಶಾಲಾ ಉಪಾಧ್ಯಾಯರಾಗಿದ್ದ ಅವರು ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ಪಳಗಿಸಿದರು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡಕ್ಕೂ ಅವರೇ ತರಬೇತುಗಾರರು. ಬಲವಿಲ್ಲದ ಕಾಲಿನಿಂದಲೇ ಚೆಂಡನ್ನು ಒದೆಯಬೇಕೆಂಬ ಪಂದ್ಯಗಳನ್ನು ಅವರು ಏರ್ಪಡಿಸುತ್ತಿದ್ದರು. ಮೊದಮೊದಲು ನಗೆಪಾಟಲಾದರೂ ಕ್ರಮೇಣ ಎರಡು ಕಾಲುಗಳೂ ಪಳಗುತ್ತಿದ್ದವು. ಅಂಥ ಪಂದ್ಯಗಳನ್ನು ನಗರದ ಶಾಲೆಶಾಲೆಯಲ್ಲೂ ನಡೆಸಿ, ಅಲ್ಲಿಂದಲೇ ತಂಡಕ್ಕೆ ಹುಡುಗರನ್ನು ಆರಿಸಬೇಕಿತ್ತು.

2025ರಲ್ಲಿ ತಂಡ ದೆಹಲಿಗೆ ಹೋಗಿ ಹೆಸರನ್ನೂ ಬದಲಿಸಿಕೊಂಡಿತು. ನಮ್ಮ ಅಂಗಳ ಇಲ್ಲಿಯೇ ಇದೆ. ಶನಿವಾರ ಸಂಜೆ ಎಡಗಾಲಿನ ಪಂದ್ಯ, ಎಡಚರಿಗೆ ಬಲಗಾಲು. ಗೋಲು ಕಾಯುವವನು ನಾನು.