ಮಡ್‌ಗಾರ್ಡಿನ ಕೆಸರು

ಬೈಕುಗಳ ಬಗ್ಗೆ ಬರೆಯುವ ನಮಗೆ ಊರಲ್ಲಿ ಭಾರೀ ಮರ್ಯಾದೆ. ಸಂಬಳ ಎಷ್ಟು ಅಂತ ಯಾರೂ ಕೇಳುವುದಿಲ್ಲ. ‘ಈ ಸಲ ಯಾವ ಬೈಕು? ಮೈಲೇಜ್ ಎಷ್ಟು ಕೊಡ್ತದೆ?’ ಇಷ್ಟೇ ಪ್ರಶ್ನೆ. ಕಾಲೇಜಿನಲ್ಲಿ ಜೊತೆಗೆ ಓದಿದ ನಾವಿಬ್ಬರು ಸೇರಿ ಪತ್ರಿಕೆಯೊಂದಕ್ಕೆ ವಾಹನ ಅಂಕಣ ಬರೆಯುತ್ತೇವೆ. ಒಬ್ಬ ಓಡಿಸುತ್ತಾನೆ, ಇನ್ನೊಬ್ಬ ಹಿಂದಿನ ಸೀಟಿನ ಕಷ್ಟಸುಖ ನೋಡುತ್ತಾನೆ.

ಒಮ್ಮೆ ಕಂಪನಿಯೊಂದರಿಂದ ಕರೆ ಬಂತು. ವಿಮಾನದ ಟಿಕೆಟ್, ರೆಸಾರ್ಟಿನಲ್ಲಿ ಒಂದು ರಾತ್ರಿ, ಹೊರಡುವಾಗ ಹೆಲ್ಮೆಟ್ಟು, ಬ್ಯಾಗು. ಬೆಳಿಗ್ಗೆ ನುಣುಪಾದ ಹೈವೇಯಲ್ಲಿ 40 ನಿಮಿಷ ಹೊಸ ಬೈಕು ಓಡಿಸಿದೆವು. ಮುಂದಿನ ಮಡ್‌ಗಾರ್ಡ್ ಟಯರಿಗೆ ತೀರಾ ಹತ್ತಿರ ಇತ್ತು, ನಡುವೆ ಬೆರಳೂ ತೂರುತ್ತಿರಲಿಲ್ಲ. ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆವು. ಅಚ್ಚಾದ ಲೇಖನದಲ್ಲಿ ಆ ಸಾಲು ಇರಲಿಲ್ಲ. ಸಂಪಾದಕರು ತೆಗೆದದ್ದಲ್ಲ, ಕಂಪನಿ ತೆಗೆಸಿದ್ದೂ ಅಲ್ಲ. ನಾವೇ ತೆಗೆದೆವು. ಹಿಂದಿನ ರಾತ್ರಿ ಪಕ್ಕದಲ್ಲಿ ಕೂತು ಉಪಚಾರ ಮಾಡಿದ ಕಂಪನಿಯ ಹುಡುಗನ ದಾಕ್ಷಿಣ್ಯ ಒಂದು ಕಡೆ, ಮುಂದಿನ ಬೈಕಿಗೆ ನಮ್ಮನ್ನು ಕರೆಯದಿದ್ದರೆ ಎಂಬ ಹೆದರಿಕೆ ಇನ್ನೊಂದು ಕಡೆ.

ಆ ಲೇಖನ ಓದಿ ನಮ್ಮೂರ ಮೇಸ್ಟ್ರು ಅದೇ ಬೈಕು ಕೊಂಡರು. ಮಳೆಗಾಲದಲ್ಲಿ ಶಾಲೆಗೆ ಹೋಗುವ ಮಣ್ಣಿನ ದಾರಿಯಲ್ಲಿ ಕೆಂಪು ಕೆಸರು ಮಡ್‌ಗಾರ್ಡಿನೊಳಗೆ ತುಂಬಿ, ಚಕ್ರ ತಿರುಗದೆ, ಬಿದ್ದು ಕೈ ಮುರಿದುಕೊಂಡರು. ನೋಡಲು ಹೋದಾಗ ಬೈಯಲಿಲ್ಲ. ‘ಎಂತ ಮಾರಾಯ್ರೆ, ನೀವು ಇದನ್ನು ಮಣ್ಣಿನ ರೋಡಲ್ಲಿ ಓಡಿಸಿ ನೋಡಿರ್ಲಿಲ್ವಾ?’ ಅಂತ ಮಾತ್ರ ಕೇಳಿದರು.

ವಾಪಸ್ ಬರುವಾಗ ನಮಗಿಬ್ಬರಿಗೂ ನೆನಪಾದದ್ದು ಡ್ರೈವರ್ ಅಜ್ಜ. ಅವರದ್ದು ಹಳೆಯ ಪ್ಲಿಮತ್ ಕಾರು. ಜನರಲ್ ಮೋಟಾರ್ಸ್ 1928ರಿಂದಲೇ ಬೊಂಬಾಯಿಯಲ್ಲಿ ಕಾರು ಜೋಡಿಸುತ್ತಿತ್ತು. ಡಾಡ್ಜ್, ಪ್ಲಿಮತ್‌ಗಳನ್ನು ಆಮೇಲೆ ಅಲ್ಲೇ ಪ್ರೀಮಿಯರ್ ಕಂಪನಿ ಜೋಡಿಸಿತು. ಪೇಟೆಯ ಸಾಹುಕಾರರು ಓಡಿಸಿ ಬಿಟ್ಟ ಅಂಥದ್ದೊಂದು ಕಾರು ನಮ್ಮೂರಿಗೆ ಬಂದು ಬಾಡಿಗೆಗೆ ಓಡಿತ್ತು. ನಾವು ಕಾಣುವಾಗ ಅದು ಶೆಡ್ಡಿನಲ್ಲಿ ನಿಂತಿತ್ತು. ಸೋಫಾದಂಥ ಉದ್ದದ ಮುಂದಿನ ಸೀಟು, ಸ್ಟಿಯರಿಂಗ್ ಪಕ್ಕದಲ್ಲೇ ಗೇರು. ಅದರಲ್ಲಿ ಕೂತು ಬಾಯಲ್ಲೇ ಹಾರ್ನ್ ಹೊಡೆಯುತ್ತಾ ನಾವು ಎಷ್ಟೋ ಘಾಟಿ ಹತ್ತಿದ್ದೇವೆ.

ಅಜ್ಜನಿಗೆ ಆ ಕಾರೆಂದರೆ ಪ್ರಾಣ. ಆದರೂ ಘಾಟಿ ಶುರುವಾಗುವ ಮೊದಲು ಪ್ರಯಾಣಿಕರಿಗೆ ಎಲ್ಲ ಹೇಳಿಬಿಡುತ್ತಿದ್ದರಂತೆ: ‘ಬ್ರೇಕು ಸ್ವಲ್ಪ ಮೆತ್ತಗೆ, ನಿಧಾನ ಹೋಗ್ತೇನೆ. ಅರ್ಧ ದಾರಿಯಲ್ಲಿ ರೇಡಿಯೇಟರ್ ಕುದೀತದೆ, ನೀರು ತರ್ಲಿಕ್ಕೆ ಒಬ್ರು ಇಳೀಬೇಕು.’ ಹಾಗೆ ಹೇಳಿದರೆ ಬಾಡಿಗೆ ತಪ್ಪುವುದಿಲ್ವಾ ಅಜ್ಜ ಅಂತ ನಾವು ಕೇಳಿದ್ದೆವು. ‘ಕೂತವರು ನಮ್ಮೂರವರೇ ಅಲ್ವಾ ಮಕ್ಕಳೇ’ ಅಂದಿದ್ದರು.

ಆ ಕಾರುಗಳ ದೇಶದಲ್ಲೂ ಈ ಜಗಳ ಇದ್ದದ್ದೇ. 2005ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್‌ನ ಡ್ಯಾನ್ ನೀಲ್ ಪಾಂಟಿಯಾಕ್ ಜಿ6 ಕಾರನ್ನೂ ಜನರಲ್ ಮೋಟಾರ್ಸ್ ಆಡಳಿತವನ್ನೂ ಖಾರವಾಗಿ ಟೀಕಿಸಿದಾಗ, ಕಂಪನಿ ಆ ಪತ್ರಿಕೆಗೆ ಜಾಹೀರಾತನ್ನೇ ನಿಲ್ಲಿಸಿತ್ತು. ಮತ್ತೆ ಕೊಡಲು ಕೆಲವು ತಿಂಗಳು ಹಿಡಿಯಿತು. ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯಂತೂ ಜಾಹೀರಾತು ತೆಗೆದುಕೊಳ್ಳುವುದೇ ಇಲ್ಲ, ಪರೀಕ್ಷಿಸುವ ಕಾರನ್ನು ಸ್ವಂತ ದುಡ್ಡಿನಲ್ಲಿ ಕೊಳ್ಳುತ್ತದೆ. ನಮಗೆ ಬೈಕು ಕೊಳ್ಳುವಷ್ಟು ದುಡ್ಡಿಲ್ಲ. ಆದರೆ ನಮಗೆ ಯಾರೂ ಹೆದರಿಸಿಯೂ ಇರಲಿಲ್ಲವಲ್ಲ, ಮೊದಲೇ ನಾವೇ ಹೆದರಿಕೊಂಡೆವು.

ಮೇಸ್ಟ್ರ ಬೈಕನ್ನೇ ಕೇಳಿ ತಂದು, ಮಳೆಯಲ್ಲಿ ಶಾಲೆಯ ದಾರಿಯಲ್ಲಿ ಎರಡು ದಿನ ಓಡಿಸಿದೆವು. ಕಂಡದ್ದನ್ನೂ ಮೊದಲು ಬಿಟ್ಟದ್ದನ್ನೂ ಬರೆದೆವು. ಸಂಪಾದಕರು ಒಮ್ಮೆ ದೊಡ್ಡದಾಗಿ ಉಸಿರು ಬಿಟ್ಟು ಹಾಕಿದರು. ಆ ಕಂಪನಿಯಿಂದ ಮತ್ತೆ ಕರೆ ಬಂದಿಲ್ಲ. ಈಗ ಓದುಗರು ಕೊಂಡ ಬೈಕನ್ನೇ ಕೇಳಿ ಓಡಿಸುತ್ತೇವೆ, ಪೆಟ್ರೋಲ್ ನಮ್ಮದು. ಬೇರೆ ಪತ್ರಿಕೆಗಳಿಗಿಂತ ನಮ್ಮ ಅಂಕಣ ಎರಡು ತಿಂಗಳು ತಡ.

ಮೇಸ್ಟ್ರ ಕೈ ಕೂಡಿಕೊಂಡಿದೆ. ಮಡ್‌ಗಾರ್ಡನ್ನು ಬಿಚ್ಚಿಸಿ ಮೇಲೆತ್ತಿ ಕೂರಿಸಿದ್ದಾರೆ. ‘ಮೆಕ್ಯಾನಿಕ್ 350 ರೂಪಾಯಿ ತಗೊಂಡ, ಅದನ್ನೂ ಬರೀರಿ’ ಅಂದರು. ಬರೆದಿದ್ದೇವೆ.