ಒಂದೇ ಪದ ಬರೆದರೆ ಇಬ್ಬರೂ ಔಟ್

ಎದುರಾಳಿಯೇ ಇಲ್ಲದ ಆಟದಲ್ಲಿ ಇಷ್ಟೊಂದು ಗಲಾಟೆ ಯಾಕೆ? ಅಕ್ಕನ ಮನೆಯ ಹಾಲ್‌ನಲ್ಲಿ ಏಳು ಜನ ಸುತ್ತ ಕೂತಿದ್ದಾರೆ. ಏಳೂ ಜನ ಒಂದೇ ಪಕ್ಷ. ಗೆದ್ದರೆ ಎಲ್ಲರೂ ಗೆದ್ದರು, ಸೋತರೆ ಎಲ್ಲರೂ ಸೋತರು. ಹಾಗಿದ್ದೂ ಪಕ್ಕದ ಮನೆಯವರು ಬಾಗಿಲಲ್ಲಿ ಇಣುಕಿ ವಿಚಾರಿಸಿಕೊಂಡು ಹೋಗುವಷ್ಟು ಕೂಗಾಟ. ನಾನು ಎಂಟನೆಯವನು. ಪೆಟ್ಟಿಗೆಯಲ್ಲಿ ಬರೆಯುವ ಹಲಗೆಗಳಿರುವುದೇ ಏಳು. ಹಾಗಾಗಿ ನನ್ನ ಪಾಲಿಗೆ ದಿವಾನ್, ಕಾಫಿ ಮತ್ತು ಈ ನೋಟ್‌ಬುಕ್ಕು.

*

ಆಟದ ಹೆಸರು ‘ಜಸ್ಟ್ ಒನ್’. ಲುಡೊವಿಕ್ ರೂಡಿ, ಬ್ರೂನೊ ಸೌಟರ್ ಎಂಬಿಬ್ಬರು ಕಟ್ಟಿದ್ದು. ಬೆಲ್ಜಿಯಂನ ರೆಪೋಸ್ ಪ್ರೊಡಕ್ಷನ್ 2018ರಲ್ಲಿ ಹೊರತಂದಿತು. ಮರುವರ್ಷ ಜರ್ಮನಿಯವರು ವರ್ಷದ ಆಟಕ್ಕೆ ಕೊಡುವ ‘ಶ್ಪೀಲ್ ಡೆಸ್ ಯಾರೆಸ್’ ಪ್ರಶಸ್ತಿಯೂ ಬಂತು. ಪ್ರಶಸ್ತಿ ಗೆದ್ದ ಆಟ ಎಂದರೆ ನಿಯಮಗಳ ದಪ್ಪ ಪುಸ್ತಕ ಇರುತ್ತದೆ ಅಂದುಕೊಂಡಿದ್ದೆ. ಇಲ್ಲ, ಕಾಫಿ ಆರುವುದರೊಳಗೆ ಹೇಳಿ ಮುಗಿಸಬಹುದು. ಒಬ್ಬರು ಕಣ್ಣು ಮುಚ್ಚಿ ಒಂದು ಕಾರ್ಡನ್ನು ಉಳಿದವರಿಗೆ ಕಾಣುವಂತೆ ನಿಲ್ಲಿಸುತ್ತಾರೆ. ಅದರಲ್ಲಿ ಐದು ಪದ. ಒಂದರಿಂದ ಐದರೊಳಗೆ ಒಂದು ಸಂಖ್ಯೆ ಹೇಳಿದರೆ ಅದೇ ಗುಟ್ಟಿನ ಪದ. ಉಳಿದವರು ಒಬ್ಬರಿಗೊಬ್ಬರು ತುಟಿ ಬಿಚ್ಚದೆ ತಂತಮ್ಮ ಹಲಗೆಯ ಮೇಲೆ ತಲಾ ಒಂದು ಪದದ ಸುಳಿವು ಬರೆಯಬೇಕು. ಬರೆದದ್ದನ್ನು ಹೋಲಿಸಿ ನೋಡುತ್ತಾರೆ. ಇಬ್ಬರು ಒಂದೇ ಪದ ಬರೆದಿದ್ದರೆ ಎರಡೂ ಹಲಗೆ ಬೋರಲು. ಉಳಿದದ್ದನ್ನಷ್ಟೇ ಕಣ್ಣು ಮುಚ್ಚಿದವರಿಗೆ ತೋರಿಸುವುದು. ಅವರಿಗೆ ಒಂದೇ ಅವಕಾಶ. ಹೀಗೆ 13 ಕಾರ್ಡು.

ಪೆಟ್ಟಿಗೆಯ ಕಾರ್ಡುಗಳು ಇಂಗ್ಲಿಷಿನವು. ಅಜ್ಜಿ (ಭಾವನ ತಾಯಿ, ಊರಿಗೆಲ್ಲ ಅಜ್ಜಿ) ಆಡಬೇಕೆಂದು ಅಕ್ಕನ ಮಗಳು ಅವನ್ನು ಪಕ್ಕಕ್ಕಿಟ್ಟು ಕನ್ನಡದಲ್ಲಿ ಚೀಟಿ ಬರೆಸಿದ್ದಾಳೆ. ಬರೆದದ್ದು ನಾನು. ಹಲಗೆ ಸಿಗದವನಿಗೆ ಅಷ್ಟಾದರೂ ಕೆಲಸ.

*

ಈ ಸುತ್ತನ್ನು ಪೂರ್ತಿ ಬರೆದಿಟ್ಟುಕೊಳ್ಳಬೇಕು. ಪದ: ಉಪ್ಪು. ಕಣ್ಣು ಮುಚ್ಚಿದವನು ಅಕ್ಕನ ಅಳಿಯ. ಬೆಂಗಳೂರಿನಲ್ಲಿ ಈಚೆಗೆ ಫ್ಲಾಟ್ ಕೊಂಡಿದ್ದಾನೆ, ಈ ವಿವರ ಮುಂದೆ ಬೇಕಾಗುತ್ತದೆ.

ಎಂಟು ವರ್ಷದ ಮೊಮ್ಮಗ ‘ಸಮುದ್ರ’ ಎಂದು ಬರೆದ. ಬ್ಯಾಂಕಿನಿಂದ ನಿವೃತ್ತರಾದ ಭಾವನ ತಮ್ಮನೂ ‘ಸಮುದ್ರ’. ಎರಡೂ ಬೋರಲು. ಅಕ್ಕ ‘ಅಡುಗೆಮನೆ’, ಮಗಳು ‘ಅಡುಗೆ’. ಒಂದೇ ಮೂಲದ ಪದಗಳು ಬಂದರೂ ಹೊಡೆದು ಹಾಕಬೇಕೆಂದು ನಿಯಮವಿದೆ. ಏಕವಚನ, ಬಹುವಚನ, ಕಾಗುಣಿತದ ತಪ್ಪು ಯಾವುದಕ್ಕೂ ರಿಯಾಯಿತಿಯಿಲ್ಲ. ಅಕ್ಕ ಒಪ್ಪಲಿಲ್ಲ. ಅಡುಗೆ ಬೇರೆ, ಅಡುಗೆಮನೆ ಬೇರೆ, ಇಷ್ಟು ವರ್ಷ ಎರಡನ್ನೂ ಕಂಡವಳು ನಾನು ಎಂದು ಅವಳ ವಾದ. ವಾದವೆಲ್ಲ ಕಣ್ಸನ್ನೆ, ಕೈಸನ್ನೆಯಲ್ಲೇ ನಡೆದದ್ದು. ಬಾಯಿ ಬಿಟ್ಟರೆ ಅಳಿಯನಿಗೆ ಗೊತ್ತಾಗಿಬಿಡುತ್ತದಲ್ಲ! ಕಡೆಗೆ ಆ ಎರಡು ಹಲಗೆಗಳೂ ಮಲಗಿದವು.

ಉಳಿದದ್ದು ಅಜ್ಜಿಯ ‘ಋಣ’, ಭಾವನ ‘ಬಿಪಿ’.

ಅಳಿಯ ಕಣ್ಣು ಬಿಟ್ಟ. ಎರಡು ಪದಗಳನ್ನೂ ನೋಡಿದ. ಒಂದು ಕ್ಷಣವೂ ತಡಮಾಡದೆ, ಬಹಳ ಆತ್ಮವಿಶ್ವಾಸದಿಂದ, “ಸಾಲ!” ಎಂದ.

ಮನೆ ಬಿದ್ದುಹೋಗುವಷ್ಟು ನಗು. ಅಜ್ಜಿ ಮಾತ್ರ ನಗಲಿಲ್ಲ. “ಉಪ್ಪಿನ ಋಣ ಅಂತ ಕೇಳೇ ಇಲ್ವೇನಪ್ಪ?” ಎಂದರು. “ಕೇಳಿದೀನಿ ಅಜ್ಜಿ. ಆದ್ರೆ ತಿಂಗಳು ತಿಂಗಳು ಎಸ್ಸೆಮ್ಮೆಸ್ ಬರೋದು ಇನ್ನೊಂದರದ್ದು” ಎಂದ ಅವನು. ನನ್ನ ಮಟ್ಟಿಗೆ ಆ ಎರಡು ಸುಳಿವಿಗೆ ಅವನ ಉತ್ತರವೇ ಹೆಚ್ಚು ಸರಿ. ಆದರೆ ತಪ್ಪು ಹೇಳಿದ್ದಕ್ಕೆ ದಂಡವಿದೆ: ಆ ಚೀಟಿಯ ಜೊತೆಗೆ ಇನ್ನೊಂದೂ ಹೋಯಿತು. ‘ಗೊತ್ತಿಲ್ಲ’ ಎಂದಿದ್ದರೆ ಒಂದಕ್ಕೇ ಮುಗಿಯುತ್ತಿತ್ತು.

*

ನಾವು ಚಿಕ್ಕವರಿದ್ದಾಗ ‘ಹೆಸರು, ಊರು, ಪ್ರಾಣಿ, ವಸ್ತು’ ಆಡುತ್ತಿದ್ದೆವು. ಅಲ್ಲಿಯೂ ಇದೇ ಕಾನೂನು. ‘ಮ’ ಅಕ್ಷರ ಬಂದಾಗ ಇಬ್ಬರು ‘ಮಂಡ್ಯ’ ಬರೆದರೆ ಇಬ್ಬರಿಗೂ ಐದೈದು, ಒಬ್ಬನೇ ‘ಮಳವಳ್ಳಿ’ ಬರೆದರೆ ಹತ್ತು. ಅಂದರೆ ಬೇರೆಯವರು ಬರೆಯದ್ದನ್ನು ಬರೆಯುವ ಅಭ್ಯಾಸ ನಮಗೆ ಹೊಸದಲ್ಲ. ಆದರೆ ಅಲ್ಲಿ ಒಂದೇ ಪದ ಬರೆದರೆ ನಷ್ಟ ನಿನಗೆ. ಇಲ್ಲಿ ನಷ್ಟ ಕಣ್ಣು ಮುಚ್ಚಿ ಕೂತ ಮೂರನೆಯವನಿಗೆ. ಬಯ್ಯುವ ಹಕ್ಕು ಅವನಿಗೆ ಬರುತ್ತದೆ. ಗಲಾಟೆಯ ಕಾರಣ ಅರ್ಧ ಇಲ್ಲೇ ಇದೆ ಅನ್ನಿಸುತ್ತದೆ. ಎದುರಾಳಿ ಇದ್ದರೆ ಸಿಟ್ಟು ಅವನ ಮೇಲೆ ಹೋಗುತ್ತಿತ್ತು. ಇಲ್ಲದಿದ್ದಾಗ ಮನೆಯವರ ಮೇಲೇ ತಿರುಗುತ್ತದೆ.

ನಮ್ಮ ಅಂತ್ಯಾಕ್ಷರಿಯಲ್ಲಿ ಹಾಗಲ್ಲ. ಪಕ್ಷ ಎರಡು, ‘ಳ’ದಲ್ಲಿ ಮುಗಿಸಿ ಇನ್ನೊಂದು ಪಕ್ಷವನ್ನು ಸಿಕ್ಕಿಸುವುದರಲ್ಲೇ ಮಜಾ.

*

ಪದ: ಮಳೆ. ಅಕ್ಕನ ಸರದಿ. ಬರೆಯುವವರು ಆರು ಜನ. ಐವರು ದೊಡ್ಡವರು ‘ಛತ್ರಿ’ ಬರೆಯಲಿಲ್ಲ. ಆಮೇಲೆ ಕೇಳಿದರೆ ಐವರದ್ದೂ ಒಂದೇ ಉತ್ತರ: “ಎಲ್ಲರೂ ಅದನ್ನೇ ಬರೀತಾರೆ ಅಂತ ಬಿಟ್ಟೆ.” ಆಗುಂಬೆ, ಕಪ್ಪೆ, ಹಪ್ಪಳ, ಟ್ರಾಫಿಕ್, ಪುನರ್ವಸು ಎಂದೆಲ್ಲ ದೂರ ದೂರ ಹೋದರು. ಇಂಥ ಲೆಕ್ಕಾಚಾರ ಗೊತ್ತಿಲ್ಲದ ಹುಡುಗ ಛತ್ರಿ ಎಂದೇ ಬರೆದ. ಅಕ್ಕ ಉತ್ತರ ಹೇಳಿದ್ದು ಅವನ ಹಲಗೆ ನೋಡಿ.

ಇದು ನನ್ನನ್ನು ಕಾಡುತ್ತಿದೆ. ಥಾಮಸ್ ಶೆಲ್ಲಿಂಗ್ ಎಂಬ ಅರ್ಥಶಾಸ್ತ್ರಜ್ಞರು (2005ರಲ್ಲಿ ನೊಬೆಲ್ ಬಂತು) 1960ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಪ್ರಶ್ನೆ ಇದೆ. ಇಬ್ಬರು ನ್ಯೂಯಾರ್ಕಿನಲ್ಲಿ ಭೇಟಿಯಾಗಬೇಕು, ಎಲ್ಲಿ ಎಷ್ಟು ಹೊತ್ತಿಗೆ ಎಂದು ಮಾತಾಡಿಕೊಂಡಿಲ್ಲ. ಎಲ್ಲಿಗೆ ಹೋಗುತ್ತೀರಿ? ಅವರು ಕೇಳಿದವರಲ್ಲಿ ಹೆಚ್ಚಿನವರು ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣ ಎಂದರು. ಹೊತ್ತು ಕೇಳಿದರೆ ಹೆಚ್ಚುಕಡಿಮೆ ಎಲ್ಲರೂ ಮಧ್ಯಾಹ್ನ ಹನ್ನೆರಡು ಎಂದರು. ಮಾತಿಲ್ಲದೆಯೂ ಜನರ ಮನಸ್ಸು ಒಂದೇ ಜಾಗದಲ್ಲಿ ಸೇರುತ್ತದೆ ಎನ್ನುವುದು ಅವರ ವಾದ. ಜಸ್ಟ್ ಒನ್ ಇದನ್ನೇ ತಿರುಗಿಸಿ ನಿಲ್ಲಿಸಿದೆ. ಉತ್ತರ ಹೇಳುವವನ ಜೊತೆ ನೀನು ಮೆಜೆಸ್ಟಿಕ್ಕಿನಲ್ಲಿ ಸೇರಬೇಕು, ಪಕ್ಕದಲ್ಲಿ ಕೂತವರು ಮಾತ್ರ ಅಲ್ಲಿ ಸಿಗಬಾರದು. ಎರಡೂ ಒಟ್ಟಿಗೆ ಹೇಗೆ ಸಾಧ್ಯ? ಸಾಧ್ಯವಾಗುತ್ತಿದೆ, ಕಣ್ಣೆದುರಿಗೇ. ಹೇಗೆಂದು ಆಡುವವರಿಗೂ ಹೇಳಲು ಬರುವುದಿಲ್ಲ.

*

ಪದ: ರೈಲು. ಅಕ್ಕ ಒಂದು ಮೂಲೆ, ಭಾವ ಇನ್ನೊಂದು ಮೂಲೆ. ಹಲಗೆ ತಿರುಗಿಸಿದರೆ ಇಬ್ಬರದ್ದೂ ‘ಅರಸೀಕೆರೆ’.

ಚುಕುಬುಕು ಇದೆ, ಹಳಿ ಇದೆ, ಟಿಕೆಟ್ ಇದೆ. ಯಾರಿಗೂ ಹೊಳೆಯದ ಅರಸೀಕೆರೆ ಈ ಇಬ್ಬರಿಗೇ ಹೊಳೆಯಬೇಕೆ? ಬೋರಲು ಹಾಕಿದರು. ಭಾವನಿಗೆ ನಿಜವಾಗಿ ಸಿಟ್ಟು ಬಂತು. “ನಿನಗ್ಯಾಕೆ ಬೇಕಿತ್ತು ಅದು?” “ನೀವು ಹಳಿ ಅಂತ ಬರೀತೀರಿ ಅನ್ಕೊಂಡೆ ಕಣ್ರೀ.” ಅರಸೀಕೆರೆಯಲ್ಲಿ ಏನಾಗಿತ್ತೆಂದು ಅಳಿಯ ಕೇಳಿದ. ಇಬ್ಬರೂ ಬಾಯಿ ಬಿಡಲಿಲ್ಲ. ನಾನೂ ಕೆದಕಲಿಲ್ಲ.

ಬಹಳ ಕಾಲ ಒಟ್ಟಿಗಿದ್ದವರು ಈ ಆಟದಲ್ಲಿ ಒಬ್ಬರಿಗೊಬ್ಬರು ಅಪಾಯ. ಇಲ್ಲಿಯವರೆಗೆ ನೋಡಿದ್ದರಲ್ಲಿ ನನಗೆ ಖಾತ್ರಿಯಾದದ್ದು ಇದೊಂದೇ.

*

ಒಂದು ಪದ ಹೇಳಿದರೆ ತಲೆಗೆ ಮೊದಲು ಏನು ಬರುತ್ತದೆ ಎನ್ನುವುದು ಆಟವಾಗುವ ಮೊದಲು ಪ್ರಯೋಗವಾಗಿತ್ತು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1879ರಲ್ಲಿ 75 ಪದಗಳ ಪಟ್ಟಿ ಮಾಡಿ ತನ್ನ ಮೇಲೇ ಪ್ರಯೋಗಿಸಿಕೊಂಡ. ಹೊಳೆದದ್ದರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಅವನ ಬಾಲ್ಯ, ಯೌವನದಿಂದ ಬಂದವು. 1910ರಲ್ಲಿ ಅಮೆರಿಕದ ಗ್ರೇಸ್ ಕೆಂಟ್ ಮತ್ತು ರೊಸಾನಾಫ್ 100 ಪದಗಳನ್ನು 1,000 ಜನರಿಗೆ ಕೊಟ್ಟು ಉತ್ತರಗಳ ಪಟ್ಟಿ ಅಚ್ಚು ಹಾಕಿಸಿದರು. ಪಟ್ಟಿಯಲ್ಲಿದ್ದದ್ದನ್ನೇ ಹೇಳಿದರೆ ಸಾಮಾನ್ಯ, ಯಾರೂ ಹೇಳದ್ದನ್ನು ಹೇಳಿದರೆ ವೈಯಕ್ತಿಕ ಎಂದು ವಿಂಗಡಣೆ. ಅವರ ಗಮನವಿದ್ದದ್ದು ಮಾನಸಿಕ ರೋಗಿಗಳನ್ನು ಗುರುತಿಸುವುದರ ಮೇಲೆ. ಅವರ ಲೆಕ್ಕದಲ್ಲಿ ಅನುಮಾನಕ್ಕೆ ಕಾರಣವಾಗುತ್ತಿದ್ದ ಉತ್ತರಕ್ಕೆ ಈ ಹಾಲ್‌ನಲ್ಲಿ ಚಪ್ಪಾಳೆ.

ಗಾಲ್ಟನ್ನನ ಬಾಲ್ಯದ ಮಾತು ಅಜ್ಜಿಯನ್ನು ನೋಡಿದರೆ ಅರ್ಥವಾಗುತ್ತದೆ. ಮಳೆಗೆ ‘ಪುನರ್ವಸು’ ಬರೆದವರು ಅವರೇ. ಅವರ ಹಲಗೆ ಬೋರಲಾಗುವುದು ಅಪರೂಪ, ಏಕೆಂದರೆ ಅವರ ಕಾಲದವರು ಇನ್ನೊಬ್ಬರಿಲ್ಲ. ಹುಡುಗನದ್ದೂ ಹಾಗೆಯೇ, ಇನ್ನೊಂದು ತುದಿಯಿಂದ. ಬೋರಲಾಗುವುದೆಲ್ಲ ನಡುವಿನವರದ್ದು.

*

ಭಾವನ ತಮ್ಮ ಮ್ಯಾನೇಜರ್ ಆಗಿದ್ದವರು, ಈಗಲೂ ಬಿಟ್ಟಿಲ್ಲ. ಕೇರಂ ಆಡಿದರೂ ಪಕ್ಕದವನ ಸ್ಟ್ರೈಕರ್ ಎಲ್ಲಿಡಬೇಕೆಂದು ಹೇಳುತ್ತಾರೆ. ಎಲ್ಲರೂ ಸೇರಿ ಆಡುವ ಆಟಗಳಿಗೆ ಇವರಂಥವರದ್ದೇ ಕಾಟವಂತೆ. ಮ್ಯಾಟ್ ಲೀಕಾಕ್ ಅವರ ‘ಪ್ಯಾಂಡೆಮಿಕ್’ (2008) ಬಹಳ ಒಳ್ಳೆಯ ಆಟ, ಆದರೆ ಅನುಭವಸ್ಥನೊಬ್ಬ ಕೂತರೆ ಉಳಿದವರು ಅವನು ಹೇಳಿದ ಕಡೆ ಕಾಯಿ ನಡೆಸುವುದಷ್ಟೇ ಎಂಬ ದೂರು ಹಳೆಯದು. ಪದದ ಆಟದಲ್ಲಿ ಅದಕ್ಕೆ ಆಸ್ಪದವಿಲ್ಲ. ಬರೆಯುವಾಗ ಬಾಯಿ ಮುಚ್ಚಿರಬೇಕು. ಮ್ಯಾನೇಜರ್ ಸಾಹೇಬರು ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಿದ್ದನ್ನು ನೋಡಲೆಂದೇ ಈ ಆಟ ಕೊಳ್ಳಬಹುದು.

*

ಅಜ್ಜಿ, ಹುಡುಗ ಮಲಗಿದ ಮೇಲೆ ಮಗಳು, ಅಳಿಯ ಇನ್ನೊಂದು ಪೆಟ್ಟಿಗೆ ತೆಗೆದರು. ‘ಕೋಡ್‌ನೇಮ್ಸ್’ ಅನ್ನುವ ಆಟ ಚೆಕ್ ಗಣರಾಜ್ಯದ ವ್ಲಾದಾ ಖ್ವಾತಿಲ್ 2015ರಲ್ಲಿ ಮಾಡಿದ್ದು. ಅಲ್ಲಿ ಎರಡು ತಂಡಗಳ ಪೈಪೋಟಿ. 2017ರಲ್ಲಿ ಸ್ಕಾಟ್ ಈಟನ್ ಜೊತೆ ಸೇರಿ ಮಾಡಿದ ‘ಡ್ಯೂಯೆಟ್’ನಲ್ಲಿ ಪೈಪೋಟಿಯಿಲ್ಲ, ಇವರು ತೆಗೆದದ್ದು ಅದನ್ನೇ. ಮೇಜಿನ ಮೇಲೆ 25 ಪದ. ನಡುವೆ ಒಂದು ಕಾರ್ಡು, ಒಂದೊಂದು ಮುಖ ಒಬ್ಬೊಬ್ಬರಿಗೆ ಕಾಣುತ್ತದೆ. ಇಬ್ಬರೂ ಸೇರಿ 15 ಪದ ಹುಡುಕಬೇಕು. ಒಂದು ಪದ, ಒಂದು ಸಂಖ್ಯೆ, ಅಷ್ಟೇ ಸುಳಿವು. ಇಬ್ಬರ ಕಡೆಯೂ ಮೂರು ಮೂರು ಹಂತಕ ಪದಗಳಿವೆ. ಮುಟ್ಟಿದರೆ ಆಟ ಅಲ್ಲಿಗೇ ಮುಗಿಯಿತು.

ಅವಳು “ಮದುವೆ, ಎರಡು” ಎಂದಳು. ಅವನು ಮೊದಲು ‘ಛತ್ರ’ ಮುಟ್ಟಿದ. ಸರಿ. ಆಮೇಲೆ ಬೆರಳು ‘ಬ್ಯಾಂಡು’ ಮತ್ತು ‘ಬೆಲ್ಲ’ದ ನಡುವೆ ಓಡಾಡಿತು. ಅವಳು ಮುಖದಲ್ಲಿ ಏನೂ ತೋರಿಸಬಾರದು. ಸೀಲಿಂಗ್ ಫ್ಯಾನ್ ನೋಡುತ್ತ ಕೂತಳು. ಅವನು ಬ್ಯಾಂಡು ಮುಟ್ಟಿದ. ಹಂತಕ.

“ನಮ್ಮ ಮದುವೇಲಿ ಬ್ಯಾಂಡ್ ಎಲ್ಲಿತ್ತು? ಓಲಗ ಅಲ್ವಾ? ಜೀರಿಗೆ ಬೆಲ್ಲ ತಲೆ ಮೇಲೆ ಇಟ್ಟಿದ್ದು ಮರೆತೋಯ್ತಾ?”

“ನಮ್ಮ ಮದುವೆ ಅಂತ ನೀನು ಎಲ್ಲಿ ಹೇಳಿದೆ? ಮದುವೆ ಅಂದೆ.”

ಇಬ್ಬರ ಮಾತೂ ಸರಿಯಾಗಿಯೇ ಇತ್ತು. ಆಗ ಅಕ್ಕ ಭಾವ ಒಂದೇ ಅರಸೀಕೆರೆ ಹಿಡಿದು ಕೆಟ್ಟರು, ಈಗ ಇವರಿಬ್ಬರು ಎರಡು ಮದುವೆ ಹಿಡಿದು ಕೆಟ್ಟರು. ಒಂದು ಆಟದಲ್ಲಿ ಕೂಡಿದರೆ ನಷ್ಟ, ಇನ್ನೊಂದರಲ್ಲಿ ಕೂಡದಿದ್ದರೆ ನಷ್ಟ. ದಾಂಪತ್ಯಕ್ಕೂ ಇದಕ್ಕೂ ಸಂಬಂಧ ಕಟ್ಟಿ ಏನಾದರೂ ಬರೆಯಬಹುದಿತ್ತು, ನಿದ್ದೆ ಬರುತ್ತಿದೆ.

*

ಬೆಳಿಗ್ಗೆ ಸೇರಿಸಿದ್ದು. ಜಸ್ಟ್ ಒನ್‌ನಲ್ಲಿ ಅವರು 13ಕ್ಕೆ 7 ಗಳಿಸಿದರು. ಎಷ್ಟು ಬಂದರೆ ಯಾವ ದರ್ಜೆ ಎಂದು ನಿಯಮದ ಹಾಳೆಯಲ್ಲಿ ಪಟ್ಟಿ ಇದೆಯಂತೆ. ಯಾರೂ ತೆಗೆದು ನೋಡಲಿಲ್ಲ. ತಿಂಡಿಗೆ ಕೂತಾಗಲೂ ‘ಅಡುಗೆ’, ‘ಅಡುಗೆಮನೆ’ ವಿಚಾರಣೆ ಮುಂದುವರಿದಿತ್ತು.

ಆಡಬೇಕೆನ್ನುವವರಿಗೆ ಎರಡು ಮಾತು. ಪೆಟ್ಟಿಗೆ ಕೊಳ್ಳಲೇಬೇಕೆಂದಿಲ್ಲ. ಹಳೆಯ ಸ್ಲೇಟು, ಇಲ್ಲವೇ ಒಂದು ಮಗ್ಗುಲು ಖಾಲಿಯಿರುವ ಹಾಳೆ ಸಾಕು. ಮೂವರೇ ಇದ್ದರೆ ಬರೆಯುವ ಇಬ್ಬರೂ ಎರಡೆರಡು ಸುಳಿವು ಬರೆಯಬೇಕು. ಗುಂಪಿನಲ್ಲಿ ಎಪ್ಪತ್ತು ದಾಟಿದವರು ಒಬ್ಬರು, ಹತ್ತು ದಾಟದವರು ಒಬ್ಬರು ಇರಲಿ. ಒಂದೇ ವಯಸ್ಸಿನವರು, ಒಂದೇ ಆಫೀಸಿನವರು ಕೂತರೆ ಅರ್ಧ ಹಲಗೆಗಳು ಬೋರಲೇ. ಚೀಟಿಗಳನ್ನು ಮಾತ್ರ ಆಡದೆ ಕೂತವರ ಕೈಯಲ್ಲಿ ಬರೆಸಿ.