ಕಂಪನಿದೋ, ಲೋಕಲ್ಲೋ?

ಮದುವೆ ಮಂಟಪದಲ್ಲಿ ಮುಹೂರ್ತವನ್ನು ತಡೆದು ನಿಲ್ಲಿಸುವ ಅಧಿಕಾರ ಈಗ ಒಬ್ಬನಿಗೇ ಇದೆ. ಅಯ್ಯನವರು ಅವಸರ ಮಾಡಲಿ, ಬೀಗರು ಗಡಿಯಾರ ನೋಡಿಕೊಳ್ಳಲಿ, ಫೋಟೋದ ಹುಡುಗ ‘ಒಂದ್ ನಿಮಿಷ ತಡೀರಿ, ಚಿಪ್ಪು ಬದಲಿ ಮಾಡ್ತೀನಿ’ ಅಂದನೆಂದರೆ ಮುಗಿಯಿತು. ಮದುಮಗ ತಾಳಿ ಹಿಡಿದ ಕೈಯನ್ನು ಎತ್ತಿದಲ್ಲೇ ಇಟ್ಟುಕೊಂಡು ಕಾಯುತ್ತಾನೆ. ಅಕ್ಷತೆ ಹಿಡಿದ ನೂರಾರು ಮುಷ್ಟಿಗಳು ಕಾಯುತ್ತವೆ. ಬ್ಯಾಂಡಿನವನೂ ಕಾಯುತ್ತಾನೆ. ಸಂತೆಕಲ್ಲೂರಿನ ಸುತ್ತಮುತ್ತ ನಾನು ಉಂಡುಬಂದ ಮದುವೆಗಳಲ್ಲಿ ಈ ನೋಟ ಎಷ್ಟು ಸಾಮಾನ್ಯವೆಂದರೆ, ಇದನ್ನೂ ಲಗ್ನದ ಶಾಸ್ತ್ರಗಳಲ್ಲಿ ಒಂದೆಂದು ಸೇರಿಸಿಬಿಡಬಹುದು.

ಇಷ್ಟೆಲ್ಲ ಜನರನ್ನು ಕಾಯಿಸುವ ವಸ್ತು 24 ಮಿಲಿಮೀಟರ್ ಅಗಲ, 32 ಮಿಲಿಮೀಟರ್ ಉದ್ದದ ಒಂದು ಪ್ಲಾಸ್ಟಿಕ್ ತುಂಡು, ಕ್ಯಾಮೆರಾದ ಎಸ್‌ಡಿ ಮೆಮರಿ ಕಾರ್ಡು. ತೂಕ ಎರಡು ಗ್ರಾಂ ಆದರೆ ಹೆಚ್ಚು. ಅರಿಶಿಣದಿಂದ ಹಿಡಿದು ಮದುಮಗಳನ್ನು ಗಂಡನ ಮನೆಗೆ ಕಳಿಸುವಾಗಿನ ಅಳುವಿನವರೆಗೆ ಎಲ್ಲವೂ ಅದರಲ್ಲೇ. ಅದು ಕೈಕೊಟ್ಟರೆ ಮದುವೆ ಮತ್ತೊಮ್ಮೆ ಮಾಡಲಾಗುವುದಿಲ್ಲ. ಮಾಡಬಹುದೆಂದು ಯಾರಾದರೂ ಹೇಳಿದರೂ ಅಡುಗೆಯ ಖರ್ಚು ಕೊಡುವವರು ಯಾರು?

ರೀಲಿನ ಕಾಲದಲ್ಲಿ ಈ ಭಯ ಬೇರೆ ರೂಪದಲ್ಲಿತ್ತು. ಒಂದು ರೀಲಿಗೆ 36 ಫೋಟೋ. ತುದಿಯನ್ನು ಜಾಣತನದಿಂದ ಸುತ್ತುವ ಕೈಯಾದರೆ 37, 38. ಹೀಗಾಗಿ ಆಗಿನ ಫೋಟೋಗ್ರಾಫರ್‌ಗಳು ಜಿಪುಣರಾಗಿದ್ದರು. ದೂರದ ಸಂಬಂಧಿಕರು ಬಂದು ‘ನಮ್ಮದೂ ಒಂದು ಹೊಡೀರಿ’ ಎಂದು ಸಾಲಾಗಿ ನಿಂತಾಗ, ಕ್ಯಾಮೆರಾದ ಗುಂಡಿ ಒತ್ತದೆ ಬರೀ ಫ್ಲ್ಯಾಶ್ ಹೊಡೆದು ಕಳಿಸುತ್ತಿದ್ದರು. ನಿಂತವರು ಬೆಳಕು ಬಿದ್ದ ತೃಪ್ತಿಯಲ್ಲಿ ಊಟಕ್ಕೆ ಹೋಗುತ್ತಿದ್ದರು. ಆಲ್ಬಮ್ ಬಂದಾಗ ತಮ್ಮ ಫೋಟೋ ಇಲ್ಲವೆಂದು ಮುನಿಸಿಕೊಂಡವರಿಗೆ ‘ಆ ರೀಲಿಗೆ ಬೆಳಕು ಹೊಕ್ಕಿತ್ತು’ ಎಂಬ ಉತ್ತರ ಸಿದ್ಧವಿರುತ್ತಿತ್ತು. ನಮ್ಮ ಕಡೆಯ ಎಷ್ಟೋ ಮಾವಂದಿರು, ಚಿಕ್ಕಪ್ಪಂದಿರು ಹೀಗೆ ಇಲ್ಲದ ರೀಲಿನಲ್ಲಿ ನಗುತ್ತ ನಿಂತಿದ್ದಾರೆ. ಈಗ ಆ ನೆಪ ನಡೆಯುವುದಿಲ್ಲ. ಸಾವಿರಾರು ಫೋಟೋ ಹಿಡಿಯುತ್ತದೆಂದು ಊರಿಗೆಲ್ಲ ಗೊತ್ತು, ಹೊಡೆದ ಕೂಡಲೇ ತೋರಿಸು ಎನ್ನುತ್ತಾರೆ.

ನನ್ನದು ಹವ್ಯಾಸದ ಕ್ಯಾಮೆರಾ. ಜಾತ್ರೆ, ಭತ್ತದ ಗದ್ದೆಗೆ ಇಳಿಯುವ ಬೆಳ್ಳಕ್ಕಿ, ಮುದಗಲ್ ಕೋಟೆಯ ಬುರುಜು, ಇಷ್ಟೇ. ಆದರೂ ಕಾರ್ಡು ಕೊಳ್ಳಲು ಹೊರಟರೆ ಮದುವೆಯವರಿಗೆ ಬರುವ ಪ್ರಶ್ನೆಯೇ ನನಗೂ ಎದುರಾಗುತ್ತದೆ. ಪೇಟೆಯ ಅಂಗಡಿಯವನು ಮೊದಲು ಎಷ್ಟು ಜಿಬಿ ಎಂದು ಕೇಳುವುದಿಲ್ಲ. ‘ಕಂಪನಿದು ಬೇಕೇನ್ರಿ ಸರ, ಲೋಕಲ್ ನಡೀತದೇನ್ರಿ?’ ಎನ್ನುತ್ತಾನೆ. ಈ ಪ್ರಶ್ನೆ ಕೇಳುವವನ ಬಗ್ಗೆ ನನಗೆ ಗೌರವ. ಅವನ ಅಂಗಡಿಯಲ್ಲಿ ಎರಡೂ ಇವೆ, ಯಾವುದು ಯಾವುದೆಂದು ಅವನಿಗೆ ಗೊತ್ತು, ಅದನ್ನು ಬಾಯಿಬಿಟ್ಟು ಹೇಳುತ್ತಾನೆ. ಅಂಜಬೇಕಾದದ್ದು ಏನೂ ಕೇಳದೆ, ಕಂಪನಿಯ ಕವರಿನಲ್ಲಿ ಲೋಕಲ್ ಹಾಕಿ, ಕಂಪನಿಯ ದರ ಹೇಳಿ, ಅದರಲ್ಲೂ ಸ್ವಲ್ಪ ಕಡಿಮೆ ಮಾಡಿಕೊಟ್ಟು ಉಪಕಾರ ಮಾಡಿದವನಂತೆ ನಗುವವನಿಗೆ.

ನಕಲಿ ಕಾರ್ಡಿನ ಒಳಗಿನ ಮೋಸ ಬಲು ಸೊಗಸಾದದ್ದು. ಕಾರ್ಡಿನಲ್ಲಿ ಫೋಟೋ ಕೂಡಿಡುವ ಮೆಮರಿ ಒಂದು, ಅದರ ಲೆಕ್ಕ ನೋಡುವ ಕಂಟ್ರೋಲರ್ ಎಂಬ ಪುಟ್ಟ ಗುಮಾಸ್ತ ಇನ್ನೊಂದು. ಒಳಗೆ 8 ಜಿಬಿ ಜಾಗ ಇದ್ದರೂ ‘ನನ್ನ ಹತ್ತಿರ 64 ಜಿಬಿ ಇದೆ’ ಎಂದು ಸುಳ್ಳು ಹೇಳುವುದನ್ನು ಈ ಗುಮಾಸ್ತನಿಗೆ ಕಲಿಸಿರುತ್ತಾರೆ. ಕ್ಯಾಮೆರಾ ನಂಬುತ್ತದೆ, ಕಂಪ್ಯೂಟರೂ ನಂಬುತ್ತದೆ. ಮೊದಲ 8 ಜಿಬಿವರೆಗೆ ಎಲ್ಲ ಸರಿ. ಅರಿಶಿಣದ ಫೋಟೋ ಚೆನ್ನಾಗಿ ಬರುತ್ತವೆ. ಆಮೇಲೆ ಬಂದದ್ದೆಲ್ಲ ಹಳೆಯದರ ಮೇಲೆ ಬೀಳುತ್ತದೆ ಅಥವಾ ಎಲ್ಲಿಯೂ ಬೀಳುವುದಿಲ್ಲ. ಫೈಲಿನ ಹೆಸರು ಕಾಣುತ್ತದೆ, ತೆರೆದರೆ ಒಳಗೆ ಏನೂ ಇಲ್ಲ. ಪ್ಯಾಕು ಒಡೆದ ದಿನ ತಿಳಿಯದ ಮೋಸ ತಾಳಿ ಕಟ್ಟಿದ ಮರುದಿನ ತಿಳಿಯುತ್ತದೆ.

ಇದು ನಮ್ಮ ಭಾಗದ ರೈತರಿಗೆ ಬಿಡಿಸಿ ಹೇಳಬೇಕಾದ ವಿಷಯವೇ ಅಲ್ಲ. ಹತ್ತಿಯ ನಕಲಿ ಬೀಜ ಹೀಗೇ ತಾನೆ? ಪ್ಯಾಕೆಟ್ಟು ಚೆಂದ, ಮೊಳಕೆಯೂ ಬರುತ್ತದೆ, ಗಿಡ ಎದೆಯೆತ್ತರ ಬೆಳೆಯುತ್ತದೆ. ಕಾಯಿ ಕಟ್ಟುವ ಹೊತ್ತಿಗೆ ಗೊತ್ತಾಗುತ್ತದೆ, ಅಷ್ಟರಲ್ಲಿ ಗೊಬ್ಬರ, ಕೂಲಿ, ಎಣ್ಣೆ ಎಲ್ಲ ಭೂಮಿಗೆ ಹೋಗಿರುತ್ತದೆ. ಅದಕ್ಕೇ ಪೆಟ್ಟು ತಿಂದ ರೈತ ಬೀಜದಂಗಡಿಯಲ್ಲಿ ಮೂರು ಕೆಲಸ ಮಾಡುತ್ತಾನೆ: ಗುರುತಿನ ಅಂಗಡಿಗೇ ಹೋಗುತ್ತಾನೆ, ರಸೀದಿ ಕೇಳುತ್ತಾನೆ, ಖಾಲಿ ಪ್ಯಾಕೆಟ್ಟನ್ನು ಎಸೆಯದೆ ಇಡುತ್ತಾನೆ. ಕಾರ್ಡು ಕೊಳ್ಳುವವನಿಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಬೇರೆಲ್ಲೂ ಕಂಡಿಲ್ಲ. ಬೇಸಾಯದ ವಿಷಯದಲ್ಲಿ ನಮ್ಮೂರು ಸಂತೆಕಲ್ಲೂರು ಕಡಿಮೆಯದೇನಲ್ಲ ಬಿಡಿ. 19ನೇ ಶತಮಾನದಲ್ಲೇ ಇಲ್ಲಿಯ ಘನಮಠದ ನಾಗಭೂಷಣ ಶಿವಯೋಗಿಗಳು ‘ಕೃಷಿ ಜ್ಞಾನ ಪ್ರದೀಪಿಕೆ’ ಎಂದು ಒಕ್ಕಲುತನದ ಮೇಲೇ ಒಂದು ಗ್ರಂಥ ಬರೆದರು. ಮಠದಲ್ಲಿ ಕುಳಿತ ಯೋಗಿ ಮೋಕ್ಷದ ಜೊತೆಗೆ ಹೊಲದ ಚಿಂತೆಯನ್ನೂ ಮಾಡಿದ ಊರು ಇದು. ಅಂಥ ಊರಿನವನು ಪ್ಯಾಕೆಟ್ಟಿನ ಬಣ್ಣ ನೋಡಿ ಮೋಸ ಹೋದರೆ ಹೇಗೆ?

ಬೀಜಕ್ಕಿಲ್ಲದ ಒಂದು ಸೌಲಭ್ಯ ಕಾರ್ಡಿಗಿದೆ. ಬಿತ್ತುವ ಮೊದಲೇ ಬೆಳೆ ನೋಡಬಹುದು. ಎಚ್2ಟೆಸ್ಟ್‌ಡಬ್ಲ್ಯೂ, ಎಫ್3 ಎಂಬ ಪುಕ್ಕಟೆ ಪ್ರೋಗ್ರಾಮ್‌ಗಳಿವೆ. ಇವು ಕಾರ್ಡಿನ ತುದಿಯವರೆಗೆ ಏನೋ ಒಂದನ್ನು ತುಂಬಿ, ತುಂಬಿದ್ದೇ ವಾಪಸು ಬರುತ್ತದೋ ಎಂದು ಓದಿ ನೋಡುತ್ತವೆ. 64 ಜಿಬಿಗೆ ಸೆಕೆಂಡಿಗೆ 20 ಎಂಬಿಯಂತೆ ಬರೆದರೂ ಬರೆಯುವುದಕ್ಕೇ ಒಂದು ತಾಸು ಬೇಕು, ಓದುವುದು ಬೇರೆ. ರಾತ್ರಿ ಕರೆಂಟು ಇರುವಾಗ ಹಚ್ಚಿ ಮಲಗಿಬಿಟ್ಟರೆ ಬೆಳಗ್ಗೆ ಅಸಲಿ ನಕಲಿ ತೀರ್ಮಾನವಾಗಿರುತ್ತದೆ. ನಾನು ಹೊಸ ಕಾರ್ಡನ್ನು ಈ ಪರೀಕ್ಷೆಯಿಲ್ಲದೆ ಕ್ಯಾಮೆರಾಕ್ಕೆ ಹಾಕುವುದಿಲ್ಲ. ಹೆಸರಾಂತ ಕಂಪನಿಯದಾದರೂ ಅಷ್ಟೇ. ನಕಲಿ ಮಾಡುವವರು ಹೆಸರಿಲ್ಲದ ಕಂಪನಿಯ ನಕಲನ್ನು ಮಾಡುವುದಿಲ್ಲವಲ್ಲ!

ಹೆಸರಿನ ಮೇಲೆ ಕಣ್ಣುಮುಚ್ಚಿ ಭಾರ ಹಾಕುವಂತೆಯೂ ಇಲ್ಲ. ಫೋಟೋಗ್ರಾಫರ್‌ಗಳು ವರ್ಷಗಟ್ಟಲೆ ನಂಬಿದ್ದ ಲೆಕ್ಸರ್‌ನ ವ್ಯವಹಾರವನ್ನು ಅದರ ಒಡೆಯ ಮೈಕ್ರಾನ್ 2017ರಲ್ಲಿ ನಿಲ್ಲಿಸಿತು. ಅದೇ ವರ್ಷ ಹೆಸರನ್ನು ಚೀನಾದ ಲಾಂಗ್‌ಸಿಸ್ ಕೊಂಡಿತು. ಹೆಸರು ಅದೇ, ಮನೆ ಬೇರೆ. ಹೊಸ ಮನೆಯೂ ಒಳ್ಳೆಯದೇ ಇರಬಹುದು, ಆದರೆ ‘ಅಪ್ಪನ ಕಾಲದಿಂದ ಇದೇ ತಗೋತೀವಿ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಇನ್ನು ವಾರಂಟಿಯ ವಿಷಯ. ಕಾರ್ಡು ಕೆಟ್ಟರೆ ಕಾರ್ಡು ಕೊಡುತ್ತಾರೆ. ಅದರೊಳಗಿದ್ದ ಮದುಮಗಳನ್ನು ಯಾರೂ ಕೊಡುವುದಿಲ್ಲ.

ಕಾರ್ಡಿನ ಮುಖದ ಮೇಲಿನ ಅಂಕಿಗಳು ಇನ್ನೊಂದು ಗೊಂದಲ. ಅಷ್ಟು ಸಣ್ಣ ಜಾಗದಲ್ಲಿ ಪಂಚಾಂಗದಷ್ಟು ಬರೆದಿರುತ್ತಾರೆ. ದೊಡ್ಡ ಅಕ್ಷರದ 170 ಅಥವಾ 200 ಎಂಬುದು ಓದುವ ವೇಗ, ಅದೂ ಕಂಪನಿಯದೇ ರೀಡರಿನಲ್ಲಿ. ಯುಎಚ್‌ಎಸ್-1 ಜಾತಿಯ ಕಾರ್ಡಿಗೆ ನಿಗದಿಯಾದ ಮಿತಿಯೇ ಸೆಕೆಂಡಿಗೆ 104 ಎಂಬಿ, ಕ್ಯಾಮೆರಾದೊಳಗೆ ಅದರ ಮೇಲೆ ಹೋಗುವುದಿಲ್ಲ. ನೋಡಬೇಕಾದದ್ದು ಮೂಲೆಯಲ್ಲಿ ಸಂಕೋಚದಿಂದ ಕುಳಿತ ವಿ30 ಎಂಬ ಗುರುತು. ಎಂಥ ಹೊತ್ತಿನಲ್ಲೂ ಸೆಕೆಂಡಿಗೆ 30 ಎಂಬಿಗಿಂತ ಕಡಿಮೆಯಾಗದಂತೆ ಬರೆಯುತ್ತೇನೆ ಎಂಬ ಮಾತು ಅದು. 4ಕೆ ವಿಡಿಯೋ ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಹರಿದರೂ ಬೇಕಾಗುವುದು 12.5 ಎಂಬಿ, ಅಂದರೆ ತಾಸಿಗೆ 45 ಜಿಬಿ. ವಿ30 ಧಾರಾಳವಾಯಿತು. ಜೋರಾಗಿ ಓಡಿದ ದಾಖಲೆ ನನಗೆ ಬೇಡ, ಅಕ್ಷತೆ ಬೀಳುವ ಹೊತ್ತಿನಲ್ಲಿ ನಿಲ್ಲದೆ ನಡೆದರೆ ಸಾಕು.

ಬಿಸಿಲಿನ ಬಗ್ಗೆ ಜನ ಸುಮ್ಮನೆ ಹೆದರುತ್ತಾರೆ. ರಾಯಚೂರು ಜಿಲ್ಲೆಯ ಏಪ್ರಿಲ್ ಮೇ ತಿಂಗಳ 40 ಡಿಗ್ರಿ ನಮಗೆ ತಡೆಯಲಾಗದು, ಕಾರ್ಡಿಗೆ ತಡೆಯುತ್ತದೆ. ಸಾಮಾನ್ಯವಾಗಿ 85 ಡಿಗ್ರಿಯವರೆಗೆ ಕೆಲಸ ಮಾಡುವಂತೆ ಅವನ್ನು ಮಾಡಿರುತ್ತಾರೆ. ಕಾರ್ಡನ್ನು ಕೊಲ್ಲುವುದು ನಮ್ಮ ಎರೆಮಣ್ಣಿನ ಧೂಳು, ಬೆವರಿನ ಬೆರಳು, ಅಂಗಿಯ ಜೇಬು, ಮತ್ತು ಕೆಂಪು ದೀಪ ಇನ್ನೂ ಮಿಣುಕುತ್ತಿರುವಾಗಲೇ ಬಾಗಿಲು ತೆರೆದು ಎಳೆಯುವ ಅವಸರ. ಎಡಗಡೆಯ ಪುಟ್ಟ ಲಾಕ್ ಗುಂಡಿ ಮುರಿದು ಬಿದ್ದರೆ ಕ್ಯಾಮೆರಾ ಕಾರ್ಡಿಗೆ ಬೀಗ ಬಿದ್ದಿದೆ ಎನ್ನುತ್ತದೆ. ಅಸಲಿಗೆ ಆ ಗುಂಡಿಗೂ ಒಳಗಿನ ಮೆಮರಿಗೂ ಯಾವ ತಂತಿಯ ನಂಟೂ ಇಲ್ಲ. ಗುಂಡಿ ಎಲ್ಲಿದೆ ಎಂದು ಕ್ಯಾಮೆರಾ ಮುಟ್ಟಿ ನೋಡುತ್ತದೆ, ಅಷ್ಟೇ. ಇದನ್ನು ಅರಿತ ನಮ್ಮ ಸ್ಟುಡಿಯೋ ಹುಡುಗರು ಆ ಜಾಗಕ್ಕೆ ಸೆಲೋಟೇಪ್ ಅಂಟಿಸಿ ಕೆಲಸ ಮುಂದುವರಿಸುತ್ತಾರೆ. ಬುದ್ಧಿ ಮೆಚ್ಚಬೇಕು. ಆದರೆ ಅದೇ ಟೇಪು ಕಳಚಿ ಕ್ಯಾಮೆರಾದ ಹೊಟ್ಟೆಯಲ್ಲಿ ಅಂಟಿಕೊಂಡರೆ ಮೆಚ್ಚುಗೆ ದುಬಾರಿಯಾಗುತ್ತದೆ.

ಕಾರ್ಡಿನ ಬೆನ್ನಿಗೆ ಹಳದಿಯಾಗಿ ಹೊಳೆಯುವ ಪಟ್ಟಿಗಳಿವೆಯಲ್ಲ, ಅವು ನಿಜವಾದ ಚಿನ್ನದ ಲೇಪ. ತುಕ್ಕು ಹಿಡಿಯಬಾರದೆಂದು. ಚಿನ್ನ ಎಂದಮೇಲೆ ಲಿಂಗಸುಗೂರು ತಾಲ್ಲೂಕಿನವರ ಕಿವಿ ನೆಟ್ಟಗಾಗಲೇಬೇಕು, ಹಟ್ಟಿಯ ಗಣಿ ಇಂದಿಗೂ ನಡೆದಿದೆ. ಈ ಸೀಮೆಯಲ್ಲಿ ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರ್‌ಗೇ 1915ರಲ್ಲಿ ಮಸ್ಕಿಯ ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರಗಳು ಕಂಡದ್ದು. ಅಲ್ಲಿಯವರೆಗೆ ಬೇರೆ ಶಾಸನಗಳಲ್ಲಿನ ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದು ವಿದ್ವಾಂಸರ ತರ್ಕವಾಗಿತ್ತು, ಈ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಸಿಕ್ಕಿತು. ಕೆಲವೇ ಸಾಲು, 2200 ವರ್ಷದ ಮೇಲಾಯಿತು, ಇನ್ನೂ ಓದಬಹುದು. ಅದರ ಫೋಟೋ ತೆಗೆಯಲು ಬಂದವರ ಕಾರ್ಡುಗಳು ಈಗ ಎಲ್ಲಿವೆಯೋ!

ಆದರೆ ಕಲ್ಲನ್ನು ಹೊಗಳಿ ಕಾರ್ಡನ್ನು ಹಳಿಯುವುದು ಸುಲಭ, ನ್ಯಾಯವಲ್ಲ. ಬಂಡೆಗೆ ಬರೆದದ್ದನ್ನು ಬಿಡದೆ ಹಿಡಿದುಕೊಳ್ಳುವುದೊಂದೇ ಕೆಲಸ. ಕಾರ್ಡಿನ ಕೆಲಸ ಮಂಟಪದಿಂದ ಸ್ಟುಡಿಯೋದವರೆಗೆ ಹೊತ್ತು ತರುವುದು, ಕೊಟ್ಟು ಮರೆಯುವುದು, ಮುಂದಿನ ಮದುವೆಗೆ ಖಾಲಿಯಾಗಿ ನಿಲ್ಲುವುದು. ಮರೆಯಲು ಬರುತ್ತದೆಂದೇ ಅದಕ್ಕೆ ಬೆಲೆ. ಸೂಕ್ಷ್ಮ ಕೋಣೆಗಳಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕಿ, ಬೇಕಾದಾಗ ಒಟ್ಟಿಗೆ ಹೊರಗೆ ಹಾಕುವ ಈ ವಿದ್ಯೆಯನ್ನು ಕಂಡುಹಿಡಿದದ್ದು ತೋಶಿಬಾದಲ್ಲಿದ್ದ ಫುಜಿಯೋ ಮಸುವೋಕಾ. ಇಂದಿನ ಕಾರ್ಡುಗಳ ಜಾತಿಯನ್ನು ಅವರು ಜಗತ್ತಿನ ಮುಂದಿಟ್ಟದ್ದು 1987ರಲ್ಲಿ. ತನಗೆ ಸಲ್ಲಬೇಕಾದ ಪ್ರತಿಫಲಕ್ಕಾಗಿ ಅವರು 2004ರಲ್ಲಿ ಕೋರ್ಟಿಗೆ ಹೋಗಬೇಕಾಯಿತು, 2006ರಲ್ಲಿ 8.7 ಕೋಟಿ ಯೆನ್‌ಗೆ ರಾಜಿಯಾಯಿತು.

ಪ್ರತಿ ಅಳಿಸುವಿಕೆಗೂ ಆ ಕೋಣೆಗಳು ಚೂರು ಸವೆಯುತ್ತವೆ, ನಿಜ. ಆದರೂ ಸಾವಿರ ಸಲ ತುಂಬಿ ಅಳಿಸುವ ತ್ರಾಣವಿದ್ದರೆ, ವಾರಕ್ಕೆ ಎರಡು ಮದುವೆ ಹಿಡಿದರೂ ಹತ್ತಿರ ಹತ್ತಿರ ಹತ್ತು ವರ್ಷ. ಸವೆದು ಸತ್ತ ಕಾರ್ಡಿಗಿಂತ ಮದುವೆ ಮನೆಯಲ್ಲಿ ಕಳೆದ ಕಾರ್ಡು ಜಾಸ್ತಿ ಎಂದು ನನಗೆ ಪರಿಚಯದ ಫೋಟೋಗ್ರಾಫರ್ ಹೇಳುತ್ತಾನೆ. ಅವನು ಒಂದೇ ದೊಡ್ಡ ಕಾರ್ಡು ಇಟ್ಟುಕೊಳ್ಳುವುದಿಲ್ಲ. ಎರಡು ಕಾರ್ಡು ಹಾಕುವ ಕ್ಯಾಮೆರಾ ಬಿಟ್ಟು ಬೇರೆಯದನ್ನು ಮದುವೆಗೆ ಒಯ್ಯುವುದಿಲ್ಲ. ನಿಕಾನ್ 2010ರಲ್ಲಿ ಡಿ7000ಕ್ಕೆ ಎರಡು ಗೂಡು ಕೊಟ್ಟು, 2018ರ ಜೆಡ್6ಕ್ಕೆ ಒಂದೇ ಕೊಟ್ಟಾಗ ಮದುವೆ ಫೋಟೋಗ್ರಾಫರ್‌ಗಳು ಜಗತ್ತಿನಾದ್ಯಂತ ಗೊಣಗಿದರು. 2020ರ ಜೆಡ್6-2ಕ್ಕೆ ಎರಡನೆಯ ಗೂಡು ವಾಪಸು ಬಂತು. ‘ಒಂದ್ರಾಗ ಹೋದ್ರ ಇನ್ನೊಂದ್ರಾಗ ಇರ್ತದ ಸರ, ನಿದ್ದಿ ಬರ್ತದ’ ಎಂಬುದು ಅವನ ವಾದ. ಊಟದ ಪಂಕ್ತಿಯ ನಡುವೆ ಕುಳಿತು ಸಣ್ಣ ಪರದೆಯಲ್ಲಿ ಕೆಟ್ಟ ಫೋಟೋ ಅಳಿಸುವುದೂ ಅವನಿಗೆ ಆಗದು. ಎರಡು ಕಡೆ ನಕಲು ಆದಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್, ಅಲ್ಲಿಯವರೆಗೆ ಯಾರೂ ಮುಟ್ಟುವ ಹಾಗಿಲ್ಲ. ತಪ್ಪಿ ಅಳಿಸಿಹೋದರೆ ಕೂಡಲೇ ಕಾರ್ಡು ಹೊರಗೆ ತೆಗೆಯುತ್ತಾನೆ. ಅಳಿಸಿದಾಗ ಹೋಗುವುದು ಪಟ್ಟಿಯಲ್ಲಿನ ಹೆಸರು, ಚಿತ್ರವಲ್ಲ. ಮೇಲೆ ಮತ್ತೊಂದು ಬೀಳುವವರೆಗೆ ಫೋಟೋರೆಕ್‌ನಂಥ ಪ್ರೋಗ್ರಾಮ್ ಹಾಕಿ ಎಳೆದು ತರಬಹುದು.

ಅವನ ಕಾರ್ಡುಗಳ ಮೇಲೆ ಮಾರ್ಕರ್‌ನಲ್ಲಿ ಕೊಂಡ ತಿಂಗಳು ಬರೆದಿರುತ್ತದೆ. ಒಮ್ಮೆ ‘ಎರರ್’ ತೋರಿಸಿದ ಕಾರ್ಡಿಗೆ ಎರಡನೆಯ ಅವಕಾಶವಿಲ್ಲ. ಎಸೆಯುವುದೂ ಇಲ್ಲ, ತಮ್ಮನ ಟ್ರ್ಯಾಕ್ಟರಿಗೆ ಕೊಡುತ್ತಾನೆ. ಅದರ ಟೇಪಿನಲ್ಲಿ ತತ್ವಪದ, ಬಯಲಾಟದ ಹಾಡು, ಹೊಸ ಸಿನಿಮಾದ ಕುಣಿತ ಎಲ್ಲ ತುಂಬಿಕೊಂಡು ಅದು ಭತ್ತದ ಗದ್ದೆಯಲ್ಲಿ ಕೂಗುತ್ತಿರುತ್ತದೆ. ಹಾಡು ನಡುವೆ ಕಟ್ಟಾದರೆ ತೊಂದರೆಯಿಲ್ಲವೇ ಎಂದು ಕೇಳಿದೆ. ‘ಆಗ ಅವನೇ ಹಾಡ್ತಾನ್ರಿ ಸರ, ಅದೊಂದೇ ತೊಂದ್ರಿ’ ಎಂದ.